ಪಿಬಿಲ್ ಸರಿಯಾದಾಗಿನ ಮುಖ

ನಮ್ಮ ಶೆಫ್ ರುಚಿ ನೋಡುವುದನ್ನು ನಾನು ಅಣಕಿಸಿ ತೋರಿಸಿದ್ದು ಒಂದು ಸೋಮವಾರ ಮಧ್ಯಾಹ್ನ, ಗಿರಾಕಿಗಳು ಕಡಿಮೆ ಇದ್ದ ಹೊತ್ತಿನಲ್ಲಿ. ಆ ಹೋಟೆಲಿನಲ್ಲಿ ನನಗೆ ಸಂಬಳ ಸಿಗುತ್ತಿದ್ದದ್ದು ತರಕಾರಿ ಕೊಚ್ಚುವುದಕ್ಕೆ, ಹೆಸರು ಬಂದದ್ದು ಮಾತ್ರ ಬೇರೆ ಕೆಲಸದಿಂದ. ಮಾಲಕರು ಫೋನಿನಲ್ಲಿ ಮಾತಾಡುವ ರೀತಿ, ತೊಕ್ಕೊಟ್ಟು ಬಸ್ಸಿನ ಕಂಡಕ್ಟರ್ ಚಿಲ್ಲರೆ ಕೇಳುವ ರೀತಿ, ಇವರಿಬ್ಬರ ಎದುರೂ ನಾನು ಕುತ್ತಿಗೆ ಬಗ್ಗಿಸಿ ನಿಲ್ಲುವ ರೀತಿ, ಎಲ್ಲವನ್ನೂ ನಾನು ಮಾಡಿ ತೋರಿಸುತ್ತಿದ್ದೆ. ಅದರಲ್ಲಿ ಹೆಚ್ಚು ನಗು ಬರುತ್ತಿದ್ದದ್ದು ಮೂರನೆಯದಕ್ಕೆ.

ಅವತ್ತು ಶೆಫ್‌ರ ಸರದಿ. ಸೌಟನ್ನು ಪಾತ್ರೆಯ ಅಂಚಿಗೆ ಎರಡು ಸಲ ಬಡಿದೆ. ಅಂಗೈಗೆ ಒಂದು ತೊಟ್ಟು ಬಿಟ್ಟು ನೆಕ್ಕಿದೆ. ಕಣ್ಣು ಮುಚ್ಚಿ ಪೂಜೆಗೆ ಕೂತವನ ಹಾಗೆ ತಲೆ ಆಡಿಸಿದೆ. ಆಮೇಲೆ ಕಣ್ಣು ಬಿಟ್ಟು, ಪಕ್ಕದಲ್ಲಿ ನಿಂತಿದ್ದ ಪಾತ್ರೆ ತೊಳೆಯುವ ಅಕ್ಕನ ಬಾಯಿಗೂ ಒಂದು ತೊಟ್ಟು ಹಾಕಿ, ಅವರ ಮುಖವನ್ನು ಪರೀಕ್ಷೆಯ ರಿಸಲ್ಟ್ ನೋಡುವ ಹಾಗೆ ನೋಡಿ, ಗಂಭೀರವಾಗಿ "ಗುಡ್" ಎಂದೆ. ಅಕ್ಕ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಎಲ್ಲರ ನಗು ಒಮ್ಮೆಲೇ ನಿಂತಿತು. ಬಾಗಿಲಲ್ಲಿ ಶೆಫ್ ನಿಂತಿದ್ದರು.

ಬೈಗುಳಕ್ಕೆ ತಯಾರಾಗಿ ನಿಂತೆ. ಅವರು ಬೈಯಲಿಲ್ಲ, ಇನ್ನೊಮ್ಮೆ ಮಾಡಿ ತೋರಿಸಲು ಹೇಳಿದರು. ಹೆದರಿಕೆಯಲ್ಲೇ ಮಾಡಿದೆ.

"ಕೊನೆಗೆ ಅವಳ ಮುಖ ನೋಡಿದ್ದು ಎಂತಕ್ಕೆ?"

"ನೀವು ನೋಡ್ತೀರಲ್ಲ ಶೆಫ್, ಅದಕ್ಕೆ."

"ಮೊದಲಿಂದಲೂ ನೋಡ್ತಿದ್ದೆನಾ?"

ಯೋಚಿಸಿದೆ. ಅಣಕಿಸುವವನಿಗೆ ಇಂಥದ್ದು ನೆನಪಿರುತ್ತದೆ. ಕಳೆದ ವರ್ಷದ ಶೆಫ್ ಮಾಡಿ ತೋರಿಸು ಎಂದರೆ ನಾನು ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಸೌಟು ಕೆಳಗಿಟ್ಟು ಸೀದಾ ಹೋಗಿಬಿಡುತ್ತಿದ್ದೆ. ಹಾಗೆಂದು ಹೇಳಿದೆ. ಅವರು ನನ್ನನ್ನು ಹೊರಗೆ, ಗ್ಯಾಸ್ ಸಿಲಿಂಡರ್‌ಗಳ ಹತ್ತಿರ ಕರೆದುಕೊಂಡು ಹೋದರು.

ಆರು ತಿಂಗಳ ಹಿಂದೆ ಬಂದ ಜ್ವರದಲ್ಲಿ ಅವರ ಮೂಗು ಹೋಗಿತ್ತು. ಉಪ್ಪು, ಹುಳಿ, ಖಾರ, ಸಿಹಿ ನಾಲಿಗೆಗೆ ಗೊತ್ತಾಗುತ್ತಿತ್ತು, ಪರಿಮಳ ಒಂದೂ ಇಲ್ಲ. ಬೆಳ್ಳುಳ್ಳಿಯೂ ಒಂದೇ, ಒದ್ದೆ ಕಾಗದವೂ ಒಂದೇ. ಡಾಕ್ಟರು ಬರಬಹುದು ಎಂದಿದ್ದರು, ಬಂದಿರಲಿಲ್ಲ. ಮನೆಯಲ್ಲಿ ಹೆಂಡತಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ನಾನು ನಗಿಸಲು ಹೋಗಿ, ನನಗೇ ಅರ್ಥವಾಗದೆ, ಅದನ್ನು ಇಡೀ ಅಡುಗೆಮನೆಗೆ ಆಡಿ ತೋರಿಸಿದ್ದೆ. ಪುಣ್ಯಕ್ಕೆ ನಕ್ಕವರಿಗೂ ಅರ್ಥವಾಗಿರಲಿಲ್ಲ.

ಮೂಗು ಹೋಗಬಾರದ ಹೊತ್ತಿನಲ್ಲಿ ಹೋಗಿತ್ತು. ಶೆಫ್ ಹಿಂದೆ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವರು. ಒಮ್ಮೆ ಕಾಲು ಮುರಿದುಕೊಂಡು ಮೆಕ್ಸಿಕೋದ ಯುಕತಾನಿನಲ್ಲಿ ಇಳಿದು, ಜೊತೆಯ ಅಡುಗೆಯವನ ಹಳ್ಳಿಯಲ್ಲಿ ನಾಲ್ಕು ತಿಂಗಳು ಇದ್ದರಂತೆ. ಆ ಗೆಳೆಯನ ತಾಯಿ ಮಾಯಾ ಎಂಬ ಅಲ್ಲಿಯ ಮೂಲನಿವಾಸಿ ಜನಾಂಗದ ಹೆಂಗಸು. ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡು ಕೂತವರ ಮುಂದೆ ಅರೆಯುವ ಕಲ್ಲು ತಂದಿಟ್ಟು, ಕೈಗೆ ಎಂತ ಆಗಿದೆ ಎಂಬಂತೆ ನೋಡಿದ್ದರಂತೆ. ಆಕೆಯಿಂದ ಕಲಿತ ಊಟವನ್ನು ಒಮ್ಮೆ ಮಂಗಳೂರಿಗೆ ಬಡಿಸಬೇಕೆಂದು ಶೆಫ್ ಮಾಲಕರ ಹಿಂದೆ ಬಿದ್ದು, ಕೊನೆಗೆ ಮೇ ತಿಂಗಳ ಒಂದು ಶನಿವಾರಕ್ಕೆ ಮೂವತ್ತು ಮಂದಿಯ ಊಟ ನಿಶ್ಚಯವಾಗಿತ್ತು. ಚೆನ್ನಾಗಿ ನಡೆದರೆ ಟೆರೇಸಿನ ಅಡುಗೆಮನೆಯನ್ನು ಪೂರ್ತಿ ಅವರಿಗೇ ಬಿಡುವುದಾಗಿ ಮಾಲಕರು ಮಾತು ಕೊಟ್ಟಿದ್ದರು.

"ಟೆರೇಸು ಸಿಕ್ಕಿದರೆ ಒಳ್ಳೇದು, ಸಿಗದಿದ್ದರೆ ಸಾಯುವುದಿಲ್ಲ ಪುತಾ," ಎಂದರು. ಕೊಂಕಣಿಯಲ್ಲಿ ಮಗನೇ ಎಂದಂತೆ. "ಆದರೆ ಆ ಪರಿಮಳ ಈ ಊರಲ್ಲಿ ಗೊತ್ತಿದ್ದದ್ದು ನನ್ನ ಒಂದು ಮೂಗಿಗೆ. ಅದು ಹೋಯಿತು. ಇನ್ನೊಂದು ಮೂಗಲ್ಲಿ ಅದನ್ನು ಇಡಬೇಕು ನನಗೆ. ಆಮೇಲೆ ಎಂತ ಬೇಕಾದರೂ ಆಗಲಿ."

ನನ್ನ ಮೂಗಿಗೆ ಬಂಗುಡೆ ಮೀನು ಬಿಟ್ಟರೆ ಬೇರೆ ಗೊತ್ತಿಲ್ಲ ಎಂದೆ. ಇವತ್ತಿನ ಬಂಗುಡೆ ಯಾವುದು, ನಿನ್ನೆಯದು ಯಾವುದು ಎಂದು ಗೊತ್ತಾದರೆ ಸಾಕು ಎಂದರು.

ಮರುದಿನದಿಂದ ನಾನು ಹಣ್ಣಿನ ಮರಗಳ ಹಿಂದೆ ಓಡಾಡಿದೆ. ಆ ಊಟದ ಅರ್ಧ ಭಾಗ ಮರದ ಮೇಲಿತ್ತು. ಚಿಕ್ಕು, ಪಪ್ಪಾಯಿ, ಪೇರಳೆ, ಸೀತಾಫಲ, ಬಟರ್‌ಫ್ರೂಟ್, ಕೊಕ್ಕೋ ಎಲ್ಲವೂ ಆ ಕಡೆಯ ಕಾಡುಗಳಿಂದ ಬಂದವು ಎಂದು ಶೆಫ್ ಹೇಳಿದಾಗ ನಾನು ನಂಬಲಿಲ್ಲ. ನಮ್ಮ ಕಂಪೌಂಡಿನ ಚಿಕ್ಕು ಮರವನ್ನು ನನ್ನ ಅಜ್ಜನಿಗಿಂತ ಅಪ್ಪಟ ತುಳುವ ಎಂದುಕೊಂಡಿದ್ದೆ. ಮಾಯಾ ಜನ ಅದರ ಹಣ್ಣು ತಿನ್ನುತ್ತಿದ್ದರಂತೆ, ತೊಗಟೆ ಕೆತ್ತಿ ಬರುವ ಹಾಲನ್ನು ಕಾಯಿಸಿ ಜಗಿಯುತ್ತಿದ್ದರಂತೆ. ಅವತ್ತು ಮನೆಗೆ ಹೋಗಿ ಮರದ ಮುಂದೆ ನಿಂತು, ನಿನ್ನ ಪಾಸ್‌ಪೋರ್ಟ್ ತೋರಿಸು ಎಂದು ಕೇಳಿದೆ.

ಕೆಲವು ಹಣ್ಣಿಗೆ ಬದಲಿ ಹುಡುಕಬೇಕಿತ್ತು. ಅಲ್ಲಿ ರಮೋನ್ ಎಂಬ ಮರ ಉಂಟು, ನಮ್ಮ ಹಲಸಿನ ದೂರದ ಸಂಬಂಧಿ. ಮೆಕ್ಕೆಜೋಳ ಸಾಲದ ವರ್ಷ ಅದರ ಬೀಜ ಬೇಯಿಸಿ ಅರೆದು ರೊಟ್ಟಿಯ ಹಿಟ್ಟಿಗೆ ಸೇರಿಸುತ್ತಾರೆ. ನಾವು ಹಲಸಿನ ಬೀಜ ತೆಗೆದುಕೊಂಡೆವು. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಇಡೀ ರಾತ್ರಿ ನೆನೆಸಿ, ತೊಳೆದು ರುಬ್ಬಿ, ಮೂರು ಪಾಲಿಗೆ ಒಂದು ಪಾಲು ಹಲಸಿನ ಬೀಜದ ಹಿಟ್ಟು. ಕಾಯಿ ಪಪ್ಪಾಯಿಯ ಹೋಳುಗಳನ್ನೂ ಸುಣ್ಣದ ತಿಳಿನೀರಿನಲ್ಲಿ ಒಂದು ಗಂಟೆ ಇಟ್ಟು ಆಮೇಲೆ ಪಾಕಕ್ಕೆ ಹಾಕಬೇಕು. ಹಾಗೆ ಮಾಡಿದರೆ ಹೋಳು ಹೊರಗೆ ಗಟ್ಟಿ, ಒಳಗೆ ಮೆತ್ತಗೆ ಉಳಿಯುತ್ತದೆ. ಅವರ ಹುಳಿ ಹಣ್ಣಿನ ಜಾಗದಲ್ಲಿ ನಮ್ಮ ಅಮಟೆಕಾಯಿ, ಹುರಿದ ಕುಂಬಳಬೀಜದ ಪುಡಿಯ ಜೊತೆ. ಕುಂಕುಮದಂಥ ಬಣ್ಣ ಬಿಡುವ ಅಚಿಯೋತೆ ಬೀಜ ಸುರತ್ಕಲ್ಲಿನ ಒಬ್ಬ ನಿವೃತ್ತ ಟೀಚರ್ ಮನೆಯ ಅಂಗಳದಲ್ಲಿ ಸಿಕ್ಕಿತು. ಮುಳ್ಳು ಮುಳ್ಳಿನ ಕಾಯಿ. ಅವರು ಅದನ್ನು ಹೂದಾನಿಯ ಚಂದಕ್ಕೆ ಬೆಳೆಸಿದ್ದರು. ತಿನ್ನುವುದಕ್ಕೆ ಎಂದಾಗ ನನ್ನನ್ನು ಒಳಗೆ ಕರೆಯದೆ ಗೇಟಿನಿಂದಲೇ ಕೊಟ್ಟು ಕಳಿಸಿದರು.

ಇದೆಲ್ಲ ತಟ್ಟೆಯ ಬದಿಗೆ ಬಡಿಸುವಂಥದ್ದು. ನಡುವಿನದು ಪಿಬಿಲ್. ಅಚಿಯೋತೆ, ಸುಟ್ಟ ಬೆಳ್ಳುಳ್ಳಿ, ಕಾಳುಮೆಣಸು, ಲವಂಗ ದಾಲ್ಚಿನ್ನಿ ಎರಡರ ಪರಿಮಳವೂ ಇರುವ ಆಲ್‌ಸ್ಪೈಸ್ ಎಲೆ ಅರೆದು ಹುಳಿ ಕಿತ್ತಳೆಯ ರಸದಲ್ಲಿ ಕಲಸಿ, ಹಂದಿಮಾಂಸಕ್ಕೆ ಸವರಿ, ಬಾಡಿಸಿದ ಬಾಳೆಲೆಯಲ್ಲಿ ಕಟ್ಟಿ, ನೆಲದ ಗುಂಡಿಯಲ್ಲಿ ಕಾದ ಕಲ್ಲುಗಳ ಮೇಲೆ ಹೂಳುವುದು. ಗುಂಡಿಗೆ ಪಿಬ್ ಎನ್ನುತ್ತಾರೆ. ಹೋಟೆಲಿನ ಹಿಂದೆ ಮೊಣಕಾಲಾಳದ ಗುಂಡಿ ತೋಡಿದೆವು. ಹೊಳೆಯ ಕಲ್ಲು ಬೇಡ, ಒಳಗೆ ನೀರಿದ್ದು ಸಿಡಿಯುತ್ತದೆ ಎಂದು ಶೆಫ್ ಒಂದು ಹಳೆಯ ಮನೆಯ ಬಚ್ಚಲ ಒಲೆಯ ಕೆಂಪುಕಲ್ಲು ತರಿಸಿದರು. ವರ್ಷಗಟ್ಟಲೆ ಬೆಂಕಿ ಕಂಡ ಕಲ್ಲು. ಕಟ್ಟಿಗೆ ಅವರ ಮನೆಯ ಪೇರಳೆ ಮರದ್ದು. ಹಣ್ಣಿನ ಮರದ ಕಟ್ಟಿಗೆಯೇ ಆಗಬೇಕು, ಒಣಗಿರಬೇಕು, ಅದರ ಹೊಗೆ ತೆಳ್ಳಗೆ ಎಂದು ಅವರು ದಿನಕ್ಕೆರಡು ಸಲ ಹೇಳುತ್ತಿದ್ದರು. ಅವರ ಹಾಗೆಯೇ ಬೆರಳೆತ್ತಿ ನಾನು ಅದನ್ನು ಪಾತ್ರೆ ತೊಳೆಯುವ ಅಕ್ಕನಿಗೆ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದೆ.

ರುಚಿ ಸರಿಯಾಯಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಗೊತ್ತಿದ್ದವರಿಗೆ ಮೂಗಿಲ್ಲ, ಮೂಗಿದ್ದವನಿಗೆ ಗೊತ್ತಿಲ್ಲ. ಶೆಫ್ ಅದಕ್ಕೊಂದು ದಾರಿ ಕಂಡುಕೊಂಡಿದ್ದರು. ಪಿಬಿಲ್ ಸರಿಯಾದ ದಿನ ಆ ತಾಯಿಯ ಮುಖ ಹೇಗಾಗುತ್ತಿತ್ತು ಎಂದು ಅವರಿಗೆ ನೆನಪಿತ್ತು. ಎಲೆ ಬಿಚ್ಚಿದ ಮೊದಲ ಹಬೆಗೆ ನಾನು ಮುಖ ಒಡ್ಡಬೇಕು, ಅವರು ನನ್ನ ಮುಖ ನೋಡುತ್ತಾರೆ. ಆ ಮುಖ ಹೇಗಿರುತ್ತದೆ ಎಂದು ಕೇಳಿದೆ.

"ಹೇಳಿದರೆ ನೀನು ಮಾಡಿಬಿಡ್ತೀಯ ಮಾರಾಯ. ಹೇಳುವುದಿಲ್ಲ."

ಅಲ್ಲಿಯ ಹುಳಿ ಕಿತ್ತಳೆ ಇಲ್ಲಿ ಸಿಗದೆ, ಮೊದಲ ಸಲ ಲಿಂಬೆ, ಕಿತ್ತಳೆ ಎರಡೂ ಸೇರಿಸಿದ್ದೆವು. ಎಲೆ ಬಿಚ್ಚಿ ನನ್ನನ್ನು ನೋಡಿ ಶೆಫ್ ತಲೆ ಅಲ್ಲಾಡಿಸಿದರು. ಮದುವೆ ಮನೆಯಲ್ಲಿ ಪರಿಚಯದವರನ್ನು ಕಂಡವನ ಮುಖವಂತೆ ನನ್ನದು. ಎರಡನೆಯ ಸಲ ಹೇರಳೆಹಣ್ಣು. ಕಹಿ ಎದ್ದಿತು. ಮೂರನೆಯ ಸಲಕ್ಕೆ ಹೊಳೆಯಾಚೆಯ ಬೆಂಗ್ರೆಯಿಂದ ದೋಣಿಯಲ್ಲಿ ಕಂಚಿಹುಳಿ ಬಂತು. ಅಲ್ಲಿಯ ಒಬ್ಬರ ಹಿತ್ತಿಲಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ಹಣ್ಣು. ಅದರ ರಸಕ್ಕೆ ಹೇರಳೆಯ ಸಿಪ್ಪೆಯನ್ನು ಒಂದು ಚೂರು ಉಜ್ಜಿ ಸೇರಿಸಿದೆವು. ಅಚಿಯೋತೆ ಬೀಜವನ್ನು ಹಿಂದಿನ ದಿನವೇ ನೆನೆಹಾಕಿ ಅರೆದೆ, ಆದರೂ ಅದು ಕಲ್ಲಿನಂಥ ಬೀಜ, ತೋಳು ಬಿದ್ದುಹೋಯಿತು. ಬೆಳಿಗ್ಗೆ ಹೂಳಿದ್ದನ್ನು ಸಂಜೆ ತೆಗೆದೆವು. ಗಂಟು ಬಿಚ್ಚಿದೆ. ಹಬೆ ಬಂತು.

ಆಗ ಎಂತ ಆಯಿತೆಂದು ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಹಣ್ಣು, ಮಣ್ಣು, ಎಲೆ, ಹೊಗೆ ಯಾವುದೂ ಬೇರೆ ಬೇರೆಯಾಗಿ ಇರಲಿಲ್ಲ. ಬಕೆಟಿನ ಮೇಲೆ ಕೂತಿದ್ದ ಶೆಫ್ ಎದ್ದುನಿಂತು, ಅಲ್ಲಾಡಬೇಡ ಎಂದರು. ನನ್ನ ಮುಖವನ್ನು ತುಂಬ ಹೊತ್ತು ನೋಡಿದರು. ಅವರ ಕಣ್ಣಲ್ಲಿ ನೀರು ಬಂತು. ನಾನು ಎಂಥ ಕತ್ತೆ ಎಂದರೆ, ಫೋಟೊ ತೆಗೆಯಬೇಕಾ ಶೆಫ್ ಎಂದು ಕೇಳಿದೆ.

ಆ ಖುಷಿಯಲ್ಲಿ ಅವರು ಅಷ್ಟು ದಿನ ಮುಚ್ಚಿಟ್ಟಿದ್ದನ್ನು ಹೇಳಿಬಿಟ್ಟರು. ಆ ತಾಯಿ ಮೂಗಿನ ಹೊಳ್ಳೆ ಅರಳಿಸುತ್ತಿದ್ದರು, ಕೆಳತುಟಿಯನ್ನು ಒಳಗೆ ಎಳೆದುಕೊಳ್ಳುತ್ತಿದ್ದರು, ಆಮೇಲೆ ದೂರದಿಂದ ಯಾರೋ ಕರೆದ ಹಾಗೆ ಕತ್ತನ್ನು ಸ್ವಲ್ಪ ಓರೆ ಮಾಡಿ ನೆಲ ನೋಡುತ್ತಿದ್ದರು. ಶೆಫ್ ಅದನ್ನು ಮಾಡಿಯೂ ತೋರಿಸಿದರು, ಕೆಟ್ಟದಾಗಿ. ನಾನು ಅವತ್ತು ಬಸ್ಸಿನಲ್ಲಿ ನೇತ್ರಾವತಿ ಸೇತುವೆ ದಾಟುವುದರೊಳಗೆ ಕಿಟಕಿಯ ಗಾಜಿನಲ್ಲಿ ನೋಡಿಕೊಂಡು ಅದನ್ನು ಸರಿಯಾಗಿ ಕಲಿತೆ. ಪಕ್ಕದಲ್ಲಿ ಕೂತವರು ಎದ್ದು ಬೇರೆ ಸೀಟಿಗೆ ಹೋದರು.

ಶುಕ್ರವಾರ ಸಂಜೆ, ಊಟದ ಹಿಂದಿನ ದಿನ, ಶೆಫ್ ನನಗೆ ಒಂದೇ ಕೆಲಸ ಹೇಳಿದ್ದರು. ಕಟ್ಟಿಗೆಗೆ ಟಾರ್ಪಾಲು ಮುಚ್ಚಿ ಹೋಗು. ನನಗೆ ದೊಡ್ಡಮ್ಮನ ಮಗಳ ಮೆಹಂದಿಯಲ್ಲಿ ಮಿಮಿಕ್ರಿ ಇತ್ತು. ಮುಚ್ಚುತ್ತೇನೆ ಎಂದು ಹೇಳಿ ಬಸ್ ಹಿಡಿದೆ. ಮುಚ್ಚಿರಲಿಲ್ಲ. ಬೆಳಗಿನ ಜಾವ ಸುರಿದ ಮಳೆ ಅರ್ಧ ಗಂಟೆಯದ್ದು, ಪೇರಳೆ ಕಟ್ಟಿಗೆ ಪೂರ್ತಿ ನೆನೆಯಲು ಅಷ್ಟು ಸಾಕಾಯಿತು.

ಒಂಬತ್ತು ಗಂಟೆಗೆ ಬೆಂಕಿ ಹಚ್ಚಿದೆ. ಹೊಗೆ ಬಂತು, ಬೆಂಕಿ ಬರಲಿಲ್ಲ. ಶೆಫ್ ಒಳಗೆ ಜೋಳದ ಹಿಟ್ಟಿನ ಜೊತೆ ಇದ್ದರು. ಕಲ್ಲು ಕಾಯಲು ಎರಡು ಗಂಟೆ ಬೇಕು, ಹನ್ನೊಂದೂವರೆಗೆ ಗುಂಡಿ ಮುಚ್ಚದಿದ್ದರೆ ಸಂಜೆಗೆ ಮಾಂಸ ಬೇಯುವುದಿಲ್ಲ. ಪಾತ್ರೆ ತೊಳೆಯುವ ಅಕ್ಕ ಬಂದು ನೋಡಿ, ತೆಂಗಿನ ಸಿಪ್ಪೆ ಹಾಕು ತಮ್ಮ, ನಮ್ಮ ಬಚ್ಚಲ ಒಲೆ ಅದರಲ್ಲೇ ಹೊತ್ತುವುದಲ್ಲ ಎಂದರು. ಅವರಿಗೇನು ಗೊತ್ತು ಪಾಪ. ಗೊತ್ತಿದ್ದವನು ನಾನು. ಎರಡು ಗೋಣಿ ಸಿಪ್ಪೆ, ಒಂದು ಬುಟ್ಟಿ ತೆಂಗಿನ ಗೆರಟೆ ಸುರಿದೆ. ಬೆಂಕಿ ಧಗಧಗನೆ ಹತ್ತಿತು. ಕಲ್ಲು ಕಾಯಿತು. ನನ್ನ ಮೂಗಿಗೆ ಕೆಟ್ಟದ್ದೇನೂ ಬರಲಿಲ್ಲ. ಬರುವುದಾದರೂ ಹೇಗೆ, ಹುಟ್ಟಿದಂದಿನಿಂದ ಮಿಂದ ಬಿಸಿನೀರಿಗೆಲ್ಲ ಅದೇ ವಾಸನೆ. ಹನ್ನೊಂದು ಗಂಟೆ ದಾಟಿದ ಮೇಲೆ ಶೆಫ್ ಹೊರಗೆ ಬಂದು, ಗುಂಡಿಯ ಮೇಲೆ ಬಗ್ಗಿ ಕಲ್ಲು ನೋಡಿ, "ಭಾರೀ ಲಾಯ್ಕ್ ಕಾದಿದೆ" ಎಂದು ನನ್ನ ಬೆನ್ನು ತಟ್ಟಿದರು. ಮೂಗಿದ್ದಿದ್ದರೆ ಬಾಗಿಲಿಗೆ ಬರುವ ಮೊದಲೇ ಅವರಿಗೆ ತಿಳಿಯುತ್ತಿತ್ತು. ನಾನು ಹೇಳಲಿಲ್ಲ. ಕಲ್ಲು ಹರಡಿ, ಎಲೆಯ ಗಂಟುಗಳನ್ನಿಟ್ಟು, ತಗಡು, ಒದ್ದೆ ಗೋಣಿ, ಮಣ್ಣು ಹಾಕಿ ಮುಚ್ಚಿದೆವು. ಸಿಪ್ಪೆಯ ಕೆಂಡ ಕಲ್ಲಿನ ಅಡಿಯಲ್ಲಿ ಸಂಜೆಯವರೆಗೂ ಹೊಗೆಯಾಡುತ್ತಾ ಕೂತಿತು.

ಆರು ಗಂಟೆಗೆ ತೆಗೆದೆವು. ಅತಿಥಿಗಳು ಬರಲು ಶುರುವಾಗಿತ್ತು. ಮೊದಲ ಗಂಟು ಬಿಚ್ಚಿದೆ. ಹಬೆ ಬಂತು. ಅದರಲ್ಲಿ ಕಂಚಿಹುಳಿ ಇರಲಿಲ್ಲ, ಆಲ್‌ಸ್ಪೈಸ್ ಇರಲಿಲ್ಲ. ನಮ್ಮ ಮನೆಯ ಬಚ್ಚಲು ಇತ್ತು. ಪರಿಮಳ ಕೆಟ್ಟದ್ದಾಗಿರಲಿಲ್ಲ. ಹಾಗೆ ನೋಡಿದರೆ ತುಂಬ ಚೆನ್ನಾಗಿತ್ತು, ಹಸಿವಾಗುವಂತಿತ್ತು. ಆದರೆ ಅದು ಇಲ್ಲಿಯದು. ಅಲ್ಲಿಯದು ಏನೂ ಉಳಿದಿರಲಿಲ್ಲ.

ಶೆಫ್ ನನ್ನ ಎದುರು ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಕೋಟು ಹಾಕಿದ್ದರು. ಅವರು ಉಸಿರು ಹಿಡಿದದ್ದು ನನಗೆ ಕಾಣುತ್ತಿತ್ತು. ಅವರನ್ನು ನೋಡಿ ನಾನು ನನಗೆ ಬರುವ ಒಂದೇ ಕೆಲಸ ಮಾಡಿದೆ. ಹೊಳ್ಳೆ ಅರಳಿಸಿದೆ. ಕೆಳತುಟಿ ಒಳಗೆ ಎಳೆದುಕೊಂಡೆ. ಯಾರೋ ಕರೆದ ಹಾಗೆ ಕತ್ತು ಓರೆ ಮಾಡಿ ನೆಲ ನೋಡಿದೆ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಯಾರನ್ನೂ ಮಾಡಿರಲಿಲ್ಲ.

ತಲೆ ಎತ್ತಿದಾಗ ಶೆಫ್‌ರ ಮುಖ ಖಾಲಿಯಾಗಿತ್ತು.

"ಇದು ಅವಳ ಮುಖ," ಎಂದರು. "ಅವತ್ತು ನೀನು ಮಾಡಿದ್ದು ಇದಲ್ಲ. ಅವತ್ತು ಬಾಯಿ ಬಿಟ್ಟುಕೊಂಡು ದಡ್ಡನ ಹಾಗೆ ನಿಂತಿದ್ದೆ. ಅದು ನಿನ್ನದು, ಅದಕ್ಕೇ ನಂಬಿದ್ದೆ."

ನಾನು ಬಿಚ್ಚಿದ ಎಲೆಯನ್ನು ಮತ್ತೆ ಮಡಚಿದೆ.

"ಎಂತ ಮಾಡಿದೆ ಹೇಳು."

ಹೇಳಿದೆ. ಟಾರ್ಪಾಲು, ಮೆಹಂದಿ, ಮಳೆ, ಸಿಪ್ಪೆ. ಎಷ್ಟು ಹೊತ್ತಿಗೆ ಹಾಕಿದೆ ಎಂದು ಮಾತ್ರ ಕೇಳಿದರು. ಒಂಬತ್ತೂವರೆ ಎಂದೆ.

"ನಾನು ಬಂದು ನೋಡಿದೆನಲ್ಲ ಆಮೇಲೆ. ಆಗ ಹೇಳಿದ್ದರೆ ಒಳಗೆ ಓವನ್ನಿನಲ್ಲಿ ಇಡ್ತಿದ್ದೆವು. ಹೊಗೆ ಇರ್ತಿರಲಿಲ್ಲ, ಉಳಿದದ್ದು ಇರ್ತಿತ್ತು." ಆಮೇಲೆ ದನಿ ಏರಿಸದೆ, "ನನಗೆ ಗೊತ್ತಾಗುವುದಿಲ್ಲ ಅಂತ ಗೊತ್ತಿದ್ದವನು ಇಲ್ಲಿ ನೀನೊಬ್ಬನೇ ಪುತಾ," ಎಂದರು.

ಬೈದಿದ್ದರೆ ಆ ಬೈಗುಳವನ್ನು ನಾನು ಹೇಗಾದರೂ ಅಣಕಿಸಿ ಕಳೆದುಕೊಳ್ಳುತ್ತಿದ್ದೆ. ಈ ಮಾತನ್ನು ಇವತ್ತಿನವರೆಗೂ ಅವರ ದನಿಯಲ್ಲಿ ಹೇಳಲು ನನಗೆ ಆಗಿಲ್ಲ.

ಮೂವತ್ತು ಮಂದಿ ಕೂತಿದ್ದರು, ಇದನ್ನೇ ಬಡಿಸದೆ ದಾರಿ ಇರಲಿಲ್ಲ. ಶೆಫ್ ಒಳಗೆ ಹೋಗಿ ಮೇಜಿನ ಮೇಲಿನ ಮೆನು ಕಾರ್ಡುಗಳನ್ನೆಲ್ಲ ತಾವೇ ಒಂದೊಂದಾಗಿ ಎತ್ತಿಕೊಂಡು ಬಂದು, ಪೆನ್ನಿನಲ್ಲಿ ಪಿಬಿಲ್ ಎಂಬ ಹೆಸರು ಹೊಡೆದುಹಾಕಿ, ಬಾಳೆಲೆಯಲ್ಲಿ ಬೇಯಿಸಿದ ಹಂದಿಮಾಂಸ ಎಂದು ಬರೆದರು. ಮೂವತ್ತು ಸಲ ಬರೆದರು. ನಾನು ಬರೆಯುತ್ತೇನೆ ಎಂದೆ, ಪೆನ್ನು ಕೊಡಲಿಲ್ಲ.

ಹಲಸಿನ ಬೀಜದ ರೊಟ್ಟಿ, ಅಮಟೆಕಾಯಿ, ಪಪ್ಪಾಯಿ ಪಾಕ ಎಲ್ಲವೂ ಸರಿಯಾಗಿಯೇ ಇದ್ದವು, ಅವುಗಳ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಹಂದಿಮಾಂಸಕ್ಕೆ ಮಾತ್ರ ಜನ ಹುಚ್ಚಾದರು. ಅಜ್ಜಿಮನೆಯ ನೆನಪಾಯಿತು ಎಂದು ಒಬ್ಬರು ಎರಡು ಸಲ ಹಾಕಿಸಿಕೊಂಡರು. ಮಾಲಕರು ಅಡುಗೆಮನೆಗೆ ಬಂದು ಟೆರೇಸು ನಿಮ್ಮದೇ ಎಂದು ಶೆಫ್‌ರ ಕೈ ಕುಲುಕಿದರು, ಇದನ್ನೇ ವಾರಕ್ಕೆರಡು ದಿನ ಇಡೋಣ ಎಂದರು. ಇದು ನನ್ನ ಅಡುಗೆ ಅಲ್ಲ, ಯಾರು ಬೇಕಾದರೂ ಮಾಡಬಹುದು ಎಂದರು ಶೆಫ್. ತಮಾಷೆ ಎಂದುಕೊಂಡು ಮಾಲಕರು ನಕ್ಕರು. ಸೋಮವಾರ ಶೆಫ್ ರಾಜೀನಾಮೆಯ ಜೊತೆಗೆ ತಮ್ಮ ಮೂಗಿನ ವಿಷಯವನ್ನೂ ಬರೆದುಕೊಟ್ಟು ಹೋದರು.

ಉಳಿದ ಪೇರಳೆ ಕಟ್ಟಿಗೆಯನ್ನು ನಾನು ಕೇಳಿ ತೆಗೆದುಕೊಂಡು, ನಮ್ಮ ಮನೆಯ ಅಟ್ಟದಲ್ಲಿ ಎರಡು ವಾರ ಒಣಗಿಸಿದೆ. ಹಿತ್ತಿಲಲ್ಲಿ ಸಣ್ಣ ಗುಂಡಿ ತೋಡಿದೆ. ದೋಣಿಯಲ್ಲಿ ಹೋಗಿ ಕಂಚಿಹುಳಿ ತಂದೆ. ಎಲ್ಲವನ್ನೂ ಅವರು ಹೇಳಿದ ಅಳತೆಯಲ್ಲಿ, ಹೇಳಿದ ಹೊತ್ತಿಗೆ ಮಾಡಿದೆ. ಒಂದು ಭಾನುವಾರ ಬೆಳಗಿನ ಜಾವ ಹೂಳಿದ್ದನ್ನು ಮಧ್ಯಾಹ್ನ ತೆಗೆದು, ಗಂಟು ಬಿಚ್ಚದೆಯೇ, ಬುಟ್ಟಿಯಲ್ಲಿಟ್ಟುಕೊಂಡು ಅವರ ಮನೆಗೆ ಹೋದೆ.

ಅವರ ಹೆಂಡತಿ, ಮೊದಲು ನರ್ಸ್ ಆಗಿದ್ದವರು, ಬಾಗಿಲು ತೆಗೆದರು. ಊಟದ ಹೊತ್ತು, ಕೂತುಕೋ ಎಂದರು. ಶೆಫ್ ಮೇಜಿನ ಆ ಬದಿ ಕೂತಿದ್ದರು. ನನ್ನನ್ನು ನೋಡಿ, ಬಾ ಎಂದರು, ಮನೆಯವರೆಲ್ಲ ಚೆನ್ನಾಗಿದ್ದಾರಾ ಎಂದು ಕೇಳಿದರು. ಎಲ್ಲರ ಮುಂದೆ ತಟ್ಟೆ ಇಟ್ಟಾಯಿತು. ನಾನು ಗಂಟು ಬಿಚ್ಚಿದೆ.

ಹಬೆ ಬಂತು. ನನ್ನ ಮುಖ ಹೇಗಾಯಿತೋ ನನಗೆ ಗೊತ್ತಿಲ್ಲ. "ಅಯ್ಯೋ, ಎಂಥ ಪರಿಮಳ ಇದು," ಎಂದರು ಅವರ ಹೆಂಡತಿ. ಗಂಡನ ಕಡೆ ತಿರುಗಿದವರು ಬಡಿಸುವ ಚಮಚ ಕೈಗೆತ್ತಿಕೊಂಡರು.

ಶೆಫ್ ಒಂದು ತುಂಡು ಬಾಯಿಗಿಟ್ಟು ನಿಧಾನವಾಗಿ ಜಗಿದರು.

"ಉಪ್ಪು ಸರಿ ಉಂಟು," ಎಂದರು. "ಹುಳಿಯೂ ಸರಿ ಉಂಟು."

ನಾನು ಅವರ ಎದುರಿಗೇ ಕೂತಿದ್ದೆ. ಅವರು ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ತಿಂದರು, ಇನ್ನೊಂದು ತುಂಡು ಹಾಕಿಸಿಕೊಂಡು ಅದನ್ನೂ ತಿಂದರು. ಊಟ ಮುಗಿದು ಕೈ ತೊಳೆಯಲು ಏಳುವವರೆಗೆ ಒಮ್ಮೆಯೂ ತಲೆ ಎತ್ತಿ ನನ್ನ ಮುಖ ನೋಡಲಿಲ್ಲ.